ಮಗುವಿನ ಮಾತು ತಡವಾಗುತ್ತಿದೆಯಾ? ಮೊದಲು ಆಸ್ಪತ್ರೆಯ ಹಳೇ ಫೈಲ್ ತೆಗೆಯಿರಿ

ಎರಡು ವರ್ಷ ತುಂಬಿದರೂ ಮಗು ಮಾತಾಡುತ್ತಿಲ್ಲ ಅಂದರೆ ನಮ್ಮ ಮೈಸೂರು, ಮಂಡ್ಯ ಕಡೆ ಮನೆಗೊಬ್ಬರು ಡಾಕ್ಟರ್ ಆಗಿಬಿಡುತ್ತಾರೆ. "ಗಂಡು ಮಕ್ಕಳು ಸ್ವಲ್ಪ ನಿಧಾನ ಕಣಮ್ಮ" ಅಂತ ಪಕ್ಕದ ಮನೆಯವರು. "ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಅಂತ ಅಜ್ಜಿ. "ಬಜೆ ತೇಯ್ದು ನಾಲಿಗೆಗೆ ಹಚ್ಚು" ಅಂತ ಚಿಕ್ಕಮ್ಮ. ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಇನ್ನೊಂದು ಆರು ತಿಂಗಳು ನೋಡೋಣ.

ಎಲ್ಲ ಮಕ್ಕಳ ವಿಷಯದಲ್ಲೂ ಕಾಯುವುದು ತಪ್ಪಲ್ಲ. ತಡವಾಗಿ ಮಾತು ಶುರು ಮಾಡಿ, ಮೂರು ನಾಲ್ಕು ವರ್ಷದ ಹೊತ್ತಿಗೆ ಮನೆಯವರ ತಲೆ ತಿನ್ನುವಷ್ಟು ಮಾತಾಡುವ ಮಕ್ಕಳು ಬೇಕಾದಷ್ಟಿದ್ದಾರೆ. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಒಂದು ತಿಂಗಳೂ ಕಾಯಬಾರದು. ಯಾವ ಮಗು ಯಾವ ಗುಂಪಿಗೆ ಸೇರುತ್ತದೆ ಅನ್ನುವುದು ಮಗು ಎಷ್ಟು ಪದ ಆಡುತ್ತದೆ ಅಂತ ಎಣಿಸಿದರೆ ಮಾತ್ರ ಗೊತ್ತಾಗುವುದಿಲ್ಲ. ಹುಟ್ಟಿದಾಗ ಏನಾಯಿತು, ಕಿವಿ ಹೇಗಿದೆ, ಮನೆತನದಲ್ಲಿ ಯಾರಿಗೆ ಏನಿತ್ತು, ದಿನಾ ಮಗುವಿನ ಜೊತೆ ಯಾರು ಮಾತಾಡುತ್ತಾರೆ, ಇವನ್ನೂ ನೋಡಬೇಕು. ಈ ಲೇಖನ ಅದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕುವ ದಾರಿ.

ಒಂದು ಮಾತು ಮೊದಲೇ. ಇಲ್ಲಿ ಹೇಳುವುದೆಲ್ಲ ಅಪಾಯದ ಅಂಶಗಳು. ಅಂದರೆ ಇವು ಇದ್ದರೆ ಮಾತು ತಡವಾಗುವ ಸಾಧ್ಯತೆ ಜಾಸ್ತಿ, ಅಷ್ಟೇ. ಎಂಟನೇ ತಿಂಗಳಿಗೆ ಹುಟ್ಟಿದ ಎಷ್ಟೋ ಮಕ್ಕಳು ಸಮಯಕ್ಕೆ ಸರಿಯಾಗಿ ಮಾತಾಡುತ್ತಾರೆ. ಏನೂ ತೊಂದರೆ ಇಲ್ಲದೆ ಹುಟ್ಟಿದ ಮಗುವಿಗೂ ಮಾತು ತಡವಾಗಬಹುದು. ಆದ್ದರಿಂದ ಪಟ್ಟಿಯಲ್ಲಿ ಒಂದು ಅಂಶ ಕಂಡ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಒಂದೂ ಕಾಣಲಿಲ್ಲ ಅಂತ ಸುಮ್ಮನೆ ಕೂರಲೂ ಬೇಡಿ.

ಹಂತ 1: ಡಿಸ್ಚಾರ್ಜ್ ಚೀಟಿ ಮತ್ತು ತಾಯಿ ಕಾರ್ಡ್ ಓದಿ

ಬೀರುವಿನಲ್ಲೋ, ಅಟ್ಟದ ಮೇಲಿನ ಸೂಟ್‌ಕೇಸಿನಲ್ಲೋ ಹೆರಿಗೆಯ ಫೈಲ್ ಇರುತ್ತದೆ. ತೆಗೆಯಿರಿ. ಬಹಳ ಜನ ಅದನ್ನು ಜನನ ಪ್ರಮಾಣಪತ್ರಕ್ಕೆ ಬಳಸಿ ಆಮೇಲೆ ಮರೆತೇ ಬಿಡುತ್ತಾರೆ. ಮಗುವಿನ ಮಾತಿನ ವಿಷಯದಲ್ಲಿ ಇದಕ್ಕಿಂತ ಬೆಲೆಯ ಕಾಗದ ಮನೆಯಲ್ಲಿ ಇನ್ನೊಂದಿಲ್ಲ. ಒಂದೊಂದೇ ಸಾಲು ನೋಡುತ್ತಾ ಹೋಗಿ.

ತೂಕ ಎಷ್ಟಿತ್ತು? 2.5 ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. 1.5 ಕಿಲೋಗಿಂತ ಕಡಿಮೆ ಇದ್ದರೆ ತುಂಬಾ ಕಡಿಮೆ. ಚೀಟಿಯಲ್ಲಿ ಎಲ್‌ಬಿಡಬ್ಲ್ಯೂ, ವಿಎಲ್‌ಬಿಡಬ್ಲ್ಯೂ ಅಂತ ಬರೆದಿರುತ್ತಾರೆ.

ಎಷ್ಟು ವಾರಕ್ಕೆ ಹುಟ್ಟಿದ್ದು? 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮುಂಚಿನ ಮಗು. ಇಂಥ ಮಗುವಿನ ವಯಸ್ಸನ್ನು ಎರಡು ವರ್ಷದವರೆಗೆ ತಿದ್ದಿ ಲೆಕ್ಕ ಹಾಕಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಈಗ 14 ತಿಂಗಳಾಗಿದ್ದರೆ, ಮಾತಿನ ವಿಷಯದಲ್ಲಿ ಅದನ್ನು 12 ತಿಂಗಳ ಮಗು ಅಂತಲೇ ನೋಡಿ. ಎಷ್ಟೋ ಮನೆಗಳಲ್ಲಿ ಈ ಲೆಕ್ಕ ತಿಳಿಯದೆ ಸುಮ್ನೆ ಗಾಬರಿ ಬೀಳುತ್ತಾರೆ. ಆದರೆ ತಿದ್ದಿ ಲೆಕ್ಕ ಹಾಕಿದ ಮೇಲೂ ಹಿಂದೆ ಇದ್ದರೆ ಅದು ನಿಜವಾದ ಹಿಂದೆ.

ಹುಟ್ಟಿದ ತಕ್ಷಣ ಅತ್ತಿತಾ? "ಉಸಿರು ಕಟ್ಟಿತ್ತು, ಬೆನ್ನು ತಟ್ಟಿ ಅಳಿಸಿದರು" ಅಂತ ಮನೆಯವರು ಹೇಳುವುದನ್ನೇ ಚೀಟಿಯಲ್ಲಿ ಬರ್ತ್ ಆಸ್ಫಿಕ್ಸಿಯಾ ಅಥವಾ ಎಚ್‌ಐಇ ಅಂತ ಬರೆದಿರುತ್ತಾರೆ. ಮಿದುಳಿಗೆ ಆಮ್ಲಜನಕ ಸಾಲದೇ ಹೋಗಿದ್ದರೆ ಮಾತು, ಕಿವಿ, ಕೈಕಾಲಿನ ಚಲನೆ ಮೂರನ್ನೂ ಗಮನಿಸಬೇಕು. ಮೊದಲ ವಾರದಲ್ಲಿ ಫಿಟ್ಸ್ ಬಂದಿದ್ದರೆ ಅದನ್ನೂ ಗುರುತು ಹಾಕಿ.

ಎಷ್ಟು ದಿನ "ಪೆಟ್ಟಿಗೆಯಲ್ಲಿ" ಇತ್ತು? ಎನ್‌ಐಸಿಯು ಅಥವಾ ಎಸ್‌ಎನ್‌ಸಿಯುನಲ್ಲಿ, ಅಂದರೆ ಹಸುಗೂಸುಗಳ ವಿಶೇಷ ಆರೈಕೆಯ ವಾರ್ಡಿನಲ್ಲಿ, 5 ದಿನಕ್ಕಿಂತ ಜಾಸ್ತಿ ಇದ್ದ ಮಕ್ಕಳಲ್ಲಿ ಕಿವಿಯ ತೊಂದರೆ ಬೇರೆ ಮಕ್ಕಳಿಗಿಂತ ಹೆಚ್ಚು ಕಾಣುತ್ತದೆ.

ಕಾಮಾಲೆ ಎಷ್ಟಿತ್ತು? ಇದು ಸ್ವಲ್ಪ ನಿಂತು ನೋಡಬೇಕಾದ ಸಾಲು. "ಎರಡು ದಿನ ಲೈಟಿಗೆ ಇಟ್ಟಿದ್ರು" ಅನ್ನುವುದು ನಮ್ಮಲ್ಲಿ ಮಾಮೂಲಿ ಮಾತು. ಅಷ್ಟಕ್ಕೇ ಮುಗಿದಿದ್ದರೆ ಹೆದರಬೇಕಿಲ್ಲ. ಆದರೆ ಬಿಲಿರುಬಿನ್ ವಿಪರೀತ ಏರಿ, ಮಗುವಿನ ರಕ್ತವನ್ನೇ ಬದಲಾಯಿಸಬೇಕಾಗಿ ಬಂದಿದ್ದರೆ ಕತೆ ಬೇರೆ. ಚೀಟಿಯಲ್ಲಿ ಎಕ್ಸ್‌ಚೇಂಜ್ ಟ್ರಾನ್ಸ್‌ಫ್ಯೂಷನ್ ಅಂತ ಇರುತ್ತದೆ. ಆ ಮಟ್ಟದ ಕಾಮಾಲೆ ಕಿವಿಯಿಂದ ಮಿದುಳಿಗೆ ಹೋಗುವ ನರವನ್ನು ಕೆಡಿಸಬಲ್ಲದು. ಇಂಥ ಮಕ್ಕಳಲ್ಲಿ ಕೆಲವೊಮ್ಮೆ ಒಳಕಿವಿ ಸರಿಯಾಗಿ ಕೆಲಸ ಮಾಡುತ್ತಿರುತ್ತದೆ, ನರ ಮಾತ್ರ ಸಂದೇಶವನ್ನು ಕಲಸಿ ಕಳಿಸುತ್ತದೆ. ಸದ್ದು ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ. ಒಎಇ ಅನ್ನುವ ಸುಲಭದ ಕಿವಿ ಪರೀಕ್ಷೆಯಲ್ಲಿ ಇಂಥ ಮಗು "ಪಾಸ್" ಆಗಿಬಿಡಬಹುದು. ಹಾಗಾಗಿ ಐಸಿಯುನಲ್ಲಿ ಇದ್ದ, ಕಾಮಾಲೆ ಜೋರಾಗಿದ್ದ ಮಕ್ಕಳಿಗೆ ಕಿವಿಯ ನರ ಸಂದೇಶ ಸರಿಯಾಗಿ ಕಳಿಸುತ್ತಿದೆಯಾ ಅಂತ ನೋಡುವ ಬೆರಾ ಪರೀಕ್ಷೆಯೂ ಬೇಕು. ಇದನ್ನು ನೀವೇ ಬಾಯಿಬಿಟ್ಟು ಕೇಳಿ.

ಯಾವ ಇಂಜೆಕ್ಷನ್ ಕೊಟ್ಟರು? ಜೆಂಟಾಮೈಸಿನ್, ಅಮಿಕಾಸಿನ್ ಹೆಸರು 5 ದಿನಕ್ಕಿಂತ ಜಾಸ್ತಿ ಕಂಡರೆ ಬರೆದುಕೊಳ್ಳಿ. ಈ ಔಷಧಿಗಳು ಕೆಲವು ಮಕ್ಕಳ ಒಳಕಿವಿಗೆ ಪೆಟ್ಟು ಕೊಡಬಲ್ಲವು. ಡಾಕ್ಟರನ್ನು ಬೈಯಬೇಡಿ. ನಂಜು ಏರಿದ ಮಗುವಿನ ಜೀವ ಉಳಿಸಿದ್ದೂ ಅದೇ ಔಷಧಿ. ನಿಮ್ಮ ಕೆಲಸ ಈಗ ಕಿವಿ ಪರೀಕ್ಷೆ ಮಾಡಿಸುವುದು ಮಾತ್ರ.

ಆಮೇಲೆ ತಾಯಿ ಕಾರ್ಡ್. ಬಸುರಿಯಲ್ಲಿ ಜ್ವರದ ಜೊತೆ ಮೈಮೇಲೆ ಕೆಂಪು ಗಂಧೆ ಬಂದಿತ್ತಾ? ರುಬೆಲ್ಲಾ, ಸಿಎಂವಿ ತರಹದ ಸೋಂಕು ಹೊಟ್ಟೆಯೊಳಗಿನ ಮಗುವಿನ ಕಿವಿಯನ್ನು ಹಾಳು ಮಾಡಬಲ್ಲವು. ರಕ್ತಹೀನತೆ ತೀವ್ರವಾಗಿತ್ತಾ? ತಾಯಿಗೆ ಥೈರಾಯ್ಡ್ ಇತ್ತಾ? ಮಗುವಿಗೆ ಹುಟ್ಟಿದಾಗ ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಆಗಿದೆಯಾ? ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇರುವ ಮಗುವಿಗೆ ಮೊದಲ ವಾರಗಳಲ್ಲೇ ಮಾತ್ರೆ ಶುರುವಾದರೆ ಮಗು ಸರಿಯಾಗಿ ಬೆಳೆಯುತ್ತದೆ. ತಡವಾದರೆ ಬುದ್ಧಿ, ಮಾತು ಎರಡೂ ಹಿಂದೆ ಬೀಳುತ್ತವೆ.

ಹಂತ 2: ಕಿವಿ. ಬೇರೆ ಏನೇ ಇರಲಿ, ಇದನ್ನು ಬಿಡಬೇಡಿ

"ನಮ್ಮ ಮಗುವಿಗೆ ಕಿವಿ ಚೆನ್ನಾಗಿ ಕೇಳುತ್ತೆ, ದಸರಾದಲ್ಲಿ ಕುಶಾಲತೋಪು ಹಾರಿಸಿದಾಗ ಬೆಚ್ಚಿಬಿತ್ತು." ಹೀಗೆ ಹೇಳುವ ಅಪ್ಪ ಅಮ್ಮಂದಿರಿಗೆ ಲೆಕ್ಕವಿಲ್ಲ. ಫಿರಂಗಿ ಸದ್ದಿಗೆ ಬೆಚ್ಚದ ಮಗು ಯಾವುದು ಹೇಳಿ! ಆ ಸದ್ದಿಗೆ ಕಿಟಕಿ ಗಾಜೇ ನಡುಗುತ್ತದೆ. ಸ್ಟೀಲ್ ತಟ್ಟೆ ಬೀಳಿಸುವುದು, ಬೆನ್ನ ಹಿಂದೆ ಚಪ್ಪಾಳೆ ತಟ್ಟುವುದು, ಪೂಜೆ ಗಂಟೆ ಬಾರಿಸುವುದು, ಇವು ಯಾವುವೂ ಕಿವಿ ಪರೀಕ್ಷೆ ಅಲ್ಲ. ಮಗು ಗಾಳಿಯ ಅಲುಗಾಟಕ್ಕೋ, ನೆಲದ ಕಂಪನಕ್ಕೋ, ಗೋಡೆ ಮೇಲಿನ ನೆರಳಿಗೋ ತಿರುಗಿರಬಹುದು.

ಇನ್ನೊಂದು ವಿಷಯ ಇದೆ. ಕಿವಿ ಪೂರ್ತಿ ಕೇಳುತ್ತದೆ, ಪೂರ್ತಿ ಕೇಳುವುದಿಲ್ಲ ಅಂತ ಎರಡೇ ಇಲ್ಲ. ಅರ್ಧಂಬರ್ಧ ಕೇಳುವ ಮಕ್ಕಳೇ ಹೆಚ್ಚಾಗಿ ತಪ್ಪಿಸಿಕೊಳ್ಳುವುದು. ದಪ್ಪ ಸ್ವರಗಳು ಕೇಳುತ್ತವೆ. ಸ, ಶ, ತ, ಕ ತರಹದ ತೆಳು ಸದ್ದುಗಳು ಹಾರಿಹೋಗುತ್ತವೆ. ಕರೆದರೆ ಮಗು ತಿರುಗುತ್ತದೆ, ಆದರೆ ಏನು ಹೇಳಿದರು ಅಂತ ತಿಳಿಯುವುದಿಲ್ಲ. ಮನೆಯವರು "ಬಲೇ ಹಟ, ಹೇಳಿದ ಮಾತು ಕೇಳಲ್ಲ" ಅನ್ನುತ್ತಾರೆ.

ಪದೇ ಪದೇ ನೆಗಡಿಯಾಗುವ, ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಕ್ಕಳಲ್ಲಿ ಕಿವಿ ತಮಟೆಯ ಹಿಂದೆ ಅಂಟು ದ್ರವ ತುಂಬಿಕೊಳ್ಳುವುದುಂಟು. ನೋವೂ ಇರುವುದಿಲ್ಲ, ಸೋರುವುದೂ ಇಲ್ಲ. ಒಂದು ವಾರ ಕೇಳುತ್ತದೆ, ಇನ್ನೊಂದು ವಾರ ಮಂದ. ಬಹಳ ಸಲ ತಾನಾಗಿಯೇ ಹೋಗುತ್ತದೆ. ಮೂರು ತಿಂಗಳಾದರೂ ಹೋಗದಿದ್ದರೆ ಕಿವಿ, ಮೂಗು, ಗಂಟಲು ಡಾಕ್ಟರ್ ನೋಡಬೇಕು. ಕಿವಿ ಸೋರುತ್ತಿದ್ದರೆ ಮೂರು ತಿಂಗಳು ಕಾಯುವ ಮಾತೇ ಇಲ್ಲ. ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಬಿಡುವುದನ್ನು ದಯವಿಟ್ಟು ನಿಲ್ಲಿಸಿ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗೇ ಇಳಿಯುತ್ತದೆ.

ಮೆದುಳು ಜ್ವರ ಬಂದು ವಾಸಿಯಾದ ಮಗು ಇದ್ದರೆ, ಆಸ್ಪತ್ರೆಯಿಂದ ಬಂದ ಕೂಡಲೇ ಕಿವಿ ಪರೀಕ್ಷೆ ಆಗಬೇಕು. ಆ ಸೋಂಕಿನ ನಂತರ ಕೆಲವರಲ್ಲಿ ಒಳಕಿವಿಯ ಸುರುಳಿ ಮೂಳೆಗಟ್ಟಲು ಶುರುವಾಗುತ್ತದೆ. ಮೂಳೆಗಟ್ಟಿದ ಮೇಲೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಕಿವಿಗೆ ಇಡುವ ಕೇಳುವ ಸಾಧನ, ಕೂರಿಸುವುದೇ ಕಷ್ಟ.

ಹಂತ 3: ಎರಡೂ ಕಡೆಯ ನೆಂಟರನ್ನು ನೆನಪಿಸಿಕೊಳ್ಳಿ

ಒಂದು ಹಾಳೆಯಲ್ಲಿ ಅಪ್ಪನ ಕಡೆ, ಅಮ್ಮನ ಕಡೆ ಅಂತ ಎರಡು ಗೆರೆ ಎಳೆಯಿರಿ. ಚಿಕ್ಕಂದಿನಿಂದ ಕಿವಿ ಕೇಳದವರು, ಮಾತು ಬಾರದವರು, ಮೂರು ನಾಲ್ಕು ವರ್ಷದವರೆಗೆ ಮಾತಾಡದವರು, ಉಗ್ಗುವವರು, ಓದು ಬರಹ ಹತ್ತದೆ ಶಾಲೆ ಬಿಟ್ಟವರು ಯಾರಿದ್ದಾರೆ? "ಅವರಪ್ಪನೂ ತಡವಾಗಿ ಮಾತಾಡಿದ್ದು" ಅನ್ನುವ ಅಜ್ಜಿಯ ಮಾತು ಸಮಾಧಾನಕ್ಕೆ ಹೇಳಿದ್ದು. ಆದರೆ ಲೆಕ್ಕದಲ್ಲಿ ಅದು ಅಪಾಯದ ಅಂಶವೇ. ಭಾಷೆಯ ತೊಂದರೆ ವಂಶದಲ್ಲಿ ಹರಿಯುತ್ತದೆ. ಗಂಡು ಮಕ್ಕಳಲ್ಲಿ ಮಾತು ತಡವಾಗುವುದು ಸ್ವಲ್ಪ ಜಾಸ್ತಿ ಅನ್ನುವುದೂ ನಿಜ. ಆದರೆ ಅದರ ಅರ್ಥ ಗಂಡು ಮಗುವನ್ನು ಇನ್ನಷ್ಟು ಗಮನಿಸಿ ಅಂತ. ಬಿಟ್ಟುಬಿಡಿ ಅಂತಲ್ಲ.

ಮದುವೆ ರಕ್ತಸಂಬಂಧದಲ್ಲಿ ಆಗಿದೆಯಾ? ಅಕ್ಕನ ಮಗಳು, ಅತ್ತೆ ಮಗ, ಸೋದರಮಾವ, ನಮ್ಮ ಕಡೆ ಇವೆಲ್ಲ ಹೊಸದಲ್ಲ. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗೇ ಇರಲಿ ಅಂತ ಮಾಡಿದ ಮದುವೆಗಳು. ಹುಟ್ಟು ಕಿವುಡಿಗೆ ಕಾರಣವಾಗುವ ಬಹಳಷ್ಟು ಜೀನ್‌ಗಳು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕೆಲಸ ಮಾಡುತ್ತವೆ. ಒಂದೇ ಮನೆತನದ ಇಬ್ಬರಲ್ಲಿ ಅಂಥದ್ದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಚೆನ್ನಾಗಿದ್ದೂ ಮಗುವಿಗೆ ಕೇಳದಿರುವುದು ಹೀಗೆ. ಯಾರನ್ನೂ ದೂರಿ ಫಲವಿಲ್ಲ. ಡಾಕ್ಟರ್ ಕೇಳಿದಾಗ ಸಂಬಂಧವನ್ನು ಮುಚ್ಚಿಡದೆ ಹೇಳಿ, ಅಷ್ಟು ಸಾಕು. ಎಷ್ಟೋ ಜನ "ಇಲ್ಲ, ಹೊರಗಿನ ಸಂಬಂಧ" ಅಂತ ಹೇಳಿಬಿಡುತ್ತಾರೆ. ಪರೀಕ್ಷೆಯ ದಾರಿಯೇ ತಪ್ಪುತ್ತದೆ.

ಹಂತ 4: ಮನೆಯ ಒಂದು ದಿನವನ್ನು ಹಾಗೇ ಬರೆಯಿರಿ

ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮಗು ಯಾರ ಜೊತೆ, ಏನು ಮಾಡುತ್ತಿತ್ತು ಅಂತ ಒಂದು ಮಾಮೂಲಿ ದಿನದ ಲೆಕ್ಕ ಬರೆಯಿರಿ. ನೆಂಟರು ಬಂದ ದಿನ, ಹಬ್ಬದ ದಿನ ಬೇಡ. ಅಮ್ಮ ಗಾರ್ಮೆಂಟ್ಸ್ ಬಸ್ ಹತ್ತಿ ಹೋಗುತ್ತಾಳೆ. ಅಪ್ಪ ಗದ್ದೆಗೋ, ಬೈಕ್ ಏರಿ ಕೆಲಸಕ್ಕೋ. ಮಂಡಿ ನೋವಿನ ಅಜ್ಜಿಯ ಕೈಯಲ್ಲಿ ಮಗು. ಅನ್ನ ಉಣ್ಣಿಸಬೇಕು, ಮಗು ಓಡುತ್ತದೆ, ಅಜ್ಜಿಗೆ ಹಿಂದೆ ಓಡಲಾಗುವುದಿಲ್ಲ. ನೀರಿನ ಲೋಟಕ್ಕೆ ಮೊಬೈಲ್ ಒರಗಿಸಿ ಕಾರ್ಟೂನ್ ಹಾಕಿದರೆ ಬಾಯಿ ತಾನೇ ತೆರೆಯುತ್ತದೆ. ಈ ಅಜ್ಜಿಯನ್ನು ಬೈಯುವುದು ಸುಲಭ. ಆದರೆ ಅವರ ಕೈಗೆ ಬೇರೆ ಏನು ಕೊಟ್ಟಿದ್ದೀವಿ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಪ್ರಕಾರ ಒಂದು ವರ್ಷದ ಮಗುವಿಗೆ ಪರದೆ ಬೇಡವೇ ಬೇಡ, ಎರಡು ವರ್ಷದ ಮಗುವಿಗೆ ದಿನಕ್ಕೆ 1 ಗಂಟೆ ಮೀರಬಾರದು. ಮೊಬೈಲ್ ಒಂದೇ ಮಗುವಿನ ಮಾತನ್ನು ಕಸಿದುಕೊಂಡಿತು ಅನ್ನುವುದು ಅತಿಯಾಯಿತು. ಅದು ಕಸಿಯುವುದು ಮಾತು ಕಲಿಯುವ ಹೊತ್ತನ್ನು. ಮಗು "ಬಾ" ಅಂದಾಗ ಕಾರ್ಟೂನ್ ತಿರುಗಿ "ಏನು ಕಂದಾ?" ಅನ್ನುವುದಿಲ್ಲ. ಮಗು ಮಾತು ಕಲಿಯುವುದು ಆ ತಿರುಗಿ ಬರುವ ಉತ್ತರದಿಂದ.

ದಿನಚರಿ ಬರೆದ ಮೇಲೆ ಒಂದೇ ಲೆಕ್ಕ ಹಾಕಿ: ದೊಡ್ಡವರೊಬ್ಬರು ಮಗುವಿನ ಮುಖ ನೋಡಿಕೊಂಡು ಮಾತಾಡಿದ್ದು, ಮಗು ಏನೋ ಸದ್ದು ಮಾಡಿದ್ದು, ಮತ್ತೆ ದೊಡ್ಡವರು ಉತ್ತರ ಕೊಟ್ಟಿದ್ದು, ಇಂಥ ಹೊತ್ತು ಎಷ್ಟಿತ್ತು? "ಅಲ್ಲಿ ಹೋಗ್ಬೇಡ, ಅದನ್ನ ಮುಟ್ಟಬೇಡ, ಬೇಗ ನುಂಗು" ಇದನ್ನು ಸೇರಿಸಬೇಡಿ.

ಹೆರಿಗೆಯ ನಂತರ ಮನಸ್ಸು ಕುಗ್ಗಿದ ತಾಯಿಗೆ ಮಗುವಿನ ಜೊತೆ ಮಾತಾಡುವ ಶಕ್ತಿಯೇ ಇರುವುದಿಲ್ಲ. ಸುಮ್ಮನೆ ಕೂರುವುದು, ಕಾರಣವಿಲ್ಲದೆ ಅಳುವುದು, ಮಗು ಅತ್ತರೂ ಏಳದಿರುವುದು ಕಂಡರೆ ಮಗುವಿಗಿಂತ ಮೊದಲು ತಾಯಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮಗುವಿನ ರಕ್ತಹೀನತೆ, ಸೊರಗಿದ ಮೈಯನ್ನೂ ಮರೆಯಬೇಡಿ. ಅಂಗನವಾಡಿಯಲ್ಲಿ ತೂಕ ಹಾಕಿಸಿ.

ಎರಡು ಭಾಷೆಯ ಮನೆ ಅಪಾಯದ ಅಂಶ ಅಲ್ಲ. ಮೈಸೂರಿನಲ್ಲಿ ಮನೆಯಲ್ಲಿ ಉರ್ದುವೋ ತಮಿಳೋ ತೆಲುಗೋ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅನ್ನುವುದು ಎಷ್ಟು ಮನೆಯ ಕತೆ! ಮಗು ಆಡುವ ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಕೂಡಿಸಿ ಎಣಿಸಿ. ಮಾತು ತಡವಾಯಿತು ಅಂತ ಮನೆಮಾತು ಬಿಟ್ಟು, ಅರೆಬರೆ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅನ್ನುತ್ತಾ ಮಗುವನ್ನು ಬೆಳೆಸಬೇಡಿ. ನಿಮಗೆ ಕತೆ ಹೇಳಲು, ರಮಿಸಲು, ಗದರಲು ಯಾವ ಭಾಷೆ ಸರಾಗವೋ ಅದೇ ಸರಿ.

ಹಂತ 5: ಈಗ ಮಗುವನ್ನು ನೋಡಿ

ಒಂದು ವಾರ ಸುಮ್ಮನೆ ಗಮನಿಸಿ, ಫೋನಿನಲ್ಲಿ ಎರಡು ಮೂರು ಚಿಕ್ಕ ವಿಡಿಯೋ ಮಾಡಿಕೊಳ್ಳಿ. ಡಾಕ್ಟರ್ ಮುಂದೆ ಮಕ್ಕಳು ಬಾಯಿ ಬಿಡುವುದಿಲ್ಲ, ವಿಡಿಯೋ ಸಹಾಯಕ್ಕೆ ಬರುತ್ತದೆ.

ಆರೇಳು ತಿಂಗಳಿಗೆ ಮಗು ತೊದಲು ಸದ್ದು ಮಾಡುತ್ತಿರಬೇಕು. ಒಂಬತ್ತು ಹತ್ತು ತಿಂಗಳಿಗೆ "ಬಬಬ, ದದದ" ಸರಪಳಿ ಬರಬೇಕು, ಹೆಸರು ಕರೆದರೆ ತಿರುಗಬೇಕು. ಒಂದು ವರ್ಷದ ಆಸುಪಾಸಿಗೆ ಟಾಟಾ ಮಾಡುವುದು, ಬೇಕಾದದ್ದಕ್ಕೆ ಕೈ ಚಾಚುವುದು, ಅಮ್ಮ, ತಾತ ತರಹದ ಒಂದಾದರೂ ಪದ. ಒಂದೂವರೆ ವರ್ಷಕ್ಕೆ ಬೆರಳು ತೋರಿಸಿ "ಅದು" ಅನ್ನುವುದು, ಕೆಲವು ಪದಗಳು, "ಚೆಂಡು ತಗೊಂಡು ಬಾ" ಅಂದರೆ ತರುವುದು. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ "ಹಾಲು ಬೇಕು", "ಅಪ್ಪ ಬಂತು" ಅಂತ ಎರಡು ಪದ ಕೂಡಿಸುವುದು. ಮೂರು ವರ್ಷಕ್ಕೆ ಹೊರಗಿನವರಿಗೂ ಬಹುಪಾಲು ಅರ್ಥವಾಗುವ ಮಾತು. "ಮಮ್ಮು", "ತಾಚಿ", "ಬೌ ಬೌ", "ಅಂಬಾ" ಇವನ್ನೂ ಪದಗಳೆಂದೇ ಎಣಿಸಿ. ಮಗು ಒಂದೇ ವಸ್ತುವಿಗೆ ಯಾವಾಗಲೂ ಒಂದೇ ಸದ್ದು ಬಳಸಿದರೆ ಅದು ಪದವೇ.

ಆಡುವುದಕ್ಕಿಂತ ಮೊದಲು ಅರ್ಥವಾಗುವುದನ್ನು ನೋಡಿ. ಕೈಸನ್ನೆ ಮಾಡದೆ, ಕಣ್ಣಿನಲ್ಲಿ ತೋರಿಸದೆ "ಚಪ್ಪಲಿ ಎಲ್ಲಿ?" ಅಂತ ಕೇಳಿ. ಹೇಳಿದ್ದೆಲ್ಲ ಅರ್ಥವಾಗಿ, ಬೆರಳು ತೋರಿಸಿ, ಆಟದಲ್ಲಿ ಬೇರೆ ಮಕ್ಕಳ ಜೊತೆ ಬೆರೆತು, ಮಾತು ಮಾತ್ರ ಕಡಿಮೆ ಇದ್ದರೆ ಅಂಥ ಮಗು ಸರಿಹೋಗುವ ಸಾಧ್ಯತೆ ಹೆಚ್ಚು. ಅರ್ಥವಾಗುವುದೂ ಕಡಿಮೆ ಇದ್ದರೆ ಕಾಯಬೇಡಿ.

ಇವು ಕಂಡರೆ ಅದೇ ವಾರ ಹೊರಡಿ: ಹೆಸರು ಕರೆದರೆ ತಿರುಗುವುದಿಲ್ಲ, ಒಂದೂವರೆ ವರ್ಷವಾದರೂ ಬೆರಳು ತೋರಿಸುವುದಿಲ್ಲ, ಮುಖ ನೋಡುವುದು ಕಡಿಮೆ, ಚಕ್ರ ತಿರುಗಿಸುವುದರಲ್ಲೇ ಮುಳುಗಿರುತ್ತದೆ, ಅಥವಾ ಬಂದಿದ್ದ ಮಾತು ನಿಂತುಹೋಗಿದೆ. ಕೊನೆಯದು ಯಾವ ವಯಸ್ಸಿನಲ್ಲಾದರೂ ಗಂಭೀರ. "ಮೊದಲು ಹೇಳ್ತಿತ್ತು, ಈಗ ಯಾಕೋ ಮರೆತಿದೆ" ಅಂತ ಹಗುರವಾಗಿ ಹೇಳಬೇಡಿ.

ನಾಲಿಗೆ ಕೆಳಗಿನ ದಾರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಗಿಡ್ಡವಾಗಿದ್ದರೆ ಕೆಲವು ಅಕ್ಷರಗಳ ಉಚ್ಚಾರಣೆ ಕೆಡಬಹುದು, ಹಾಲು ಕುಡಿಯಲು ಕಷ್ಟವಾಗಬಹುದು. ಪದವೇ ಬಾರದಿರುವುದಕ್ಕೆ, ಹೇಳಿದ್ದು ಅರ್ಥವಾಗದಿರುವುದಕ್ಕೆ ಅದು ಕಾರಣವಲ್ಲ. ಬಜೆಯಿಂದ ಮಾತು ಬರುವುದಿಲ್ಲ, ವಾಂತಿ ಬರಬಹುದು. ಅದರಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಹರಕೆ ಹೊತ್ತಿದ್ದರೆ ತೀರಿಸಿ, ಯಾರೂ ಬೇಡ ಅನ್ನುವುದಿಲ್ಲ. ಪರೀಕ್ಷೆಗೆ ಹೋಗುವ ಬಸ್ ಮಾತ್ರ ತಪ್ಪಿಸಬೇಡಿ.

ಹಂತ 6: ಎಲ್ಲಿಗೆ ಹೋಗುವುದು

ಈ ವಿಷಯದಲ್ಲಿ ಮೈಸೂರು, ಮಂಡ್ಯದವರು ಅದೃಷ್ಟವಂತರು. ದೇಶದ ಬೇರೆ ಬೇರೆ ಮೂಲೆಗಳಿಂದ ರೈಲು ಹತ್ತಿ ಜನ ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಸಚಿವಾಲಯದ ಕೆಳಗೆ ಬರುತ್ತದೆ. ಆಟೋದವರಿಗೆ "ಐಶ್" ಅಥವಾ "ಸ್ಪೀಚ್ ಅಂಡ್ ಹಿಯರಿಂಗ್" ಅಂದರೆ ಸಾಕು. ಕಿವಿ ಪರೀಕ್ಷೆ ಮಾಡುವವರು, ವಾಕ್ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು, ಕಿವಿ ಮೂಗು ಗಂಟಲು ಡಾಕ್ಟರ್ ಎಲ್ಲರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ಚಿಕ್ಕ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯುವ ಪೂರ್ವಶಾಲೆಯೂ ಇದೆ. ಹಳ್ಳಿಯವರಿಗಾಗಿ ಸಂಸ್ಥೆಯು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸೇವಾ ಕೇಂದ್ರ ತೆರೆದಿತ್ತು. ಆ ಕಡೆಯವರು ಮೊದಲು ಅಲ್ಲಿ ಒಂದು ಮಾತು ವಿಚಾರಿಸಿ.

ದೂರ ಹೋಗಲು ಆಗದವರು ಅಂಗನವಾಡಿಯಿಂದ ಶುರು ಮಾಡಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಅಂದರೆ ಆರ್‌ಬಿಎಸ್‌ಕೆಯಲ್ಲಿ, ಡಾಕ್ಟರ್ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಮಾತು ತಡ, ಕಿವಿ ಮಂದ ಎರಡೂ ಅವರು ನೋಡುವ ಪಟ್ಟಿಯಲ್ಲಿವೆ. ಅವರು ಬರೆದುಕೊಟ್ಟ ಚೀಟಿ ಹಿಡಿದು ಇಂಥ ಮಕ್ಕಳಿಗೆ ಬೇಗ ಚಿಕಿತ್ಸೆ ಶುರು ಮಾಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಹೋದರೆ ಮುಂದಿನ ಚಿಕಿತ್ಸೆ ಉಚಿತ. ತಂಡ ಯಾವಾಗ ಬರುತ್ತದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗು ಅಂಗನವಾಡಿಗೆ ಹೋಗದಿದ್ದರೂ ಆ ದಿನ ಕರೆದುಕೊಂಡು ಹೋಗಬಹುದು.

ಪರೀಕ್ಷೆಯ ದಿನದ ಬಗ್ಗೆ ಸ್ವಲ್ಪ. ಒಎಇಗೆ ಕೆಲವೇ ನಿಮಿಷ ಸಾಕು, ಕಿವಿಗೆ ಸಣ್ಣ ಬೆಣೆ ಇಟ್ಟು ನೋಡುತ್ತಾರೆ. ಬೆರಾಗೆ ತಲೆಗೆ ತಂತಿ ಅಂಟಿಸುತ್ತಾರೆ, ನೋವಿಲ್ಲ, ಆದರೆ ಮಗು ಗಾಢವಾಗಿ ನಿದ್ದೆ ಮಾಡಬೇಕು. ತೊಂದರೆ ಬರುವುದು ಇಲ್ಲೇ. ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಹೊರಟ ಮಗು ಬಸ್ಸಿನಲ್ಲೇ ಗಡದ್ದಾಗಿ ಮಲಗಿ, ಪರೀಕ್ಷೆ ಕೋಣೆಗೆ ಬಂದಾಗ ಕಣ್ಣು ಅಗಲ ಮಾಡಿಕೊಂಡು ಆಟಕ್ಕೆ ನಿಲ್ಲುತ್ತದೆ. ದಿನವೆಲ್ಲ ಹಾಳು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಕಿಟಕಿ ತೋರಿಸುತ್ತಾ ಎಚ್ಚರವಾಗಿಡಿ. ಅಲ್ಲಿ ತಲುಪಿ ಹಾಲು ಕುಡಿಸಿ, ತನ್ನದೇ ಹೊದಿಕೆಯಲ್ಲಿ ಸುತ್ತಿದರೆ ಮಲಗುತ್ತದೆ. ನೆಗಡಿ ಜೋರಾಗಿದ್ದರೆ ಮೊದಲೇ ಫೋನ್ ಮಾಡಿ ದಿನ ಬದಲಿಸಿ, ಫಲಿತಾಂಶ ಏರುಪೇರಾಗುತ್ತದೆ. ಹಂತ 1ರ ಫೈಲ್, ಹಂತ 3ರ ಹಾಳೆ, ವಿಡಿಯೋ ಮೂರೂ ಚೀಲದಲ್ಲಿರಲಿ. ಮಗುವನ್ನು ದಿನವಿಡೀ ನೋಡಿಕೊಳ್ಳುವವರು ಅಜ್ಜಿಯಾದರೆ ಅವರನ್ನೇ ಕರೆದುಕೊಂಡು ಹೋಗಿ. ಪ್ರಶ್ನೆಗಳಿಗೆ ಉತ್ತರ ಅವರ ಹತ್ತಿರ ಇರುತ್ತದೆ.

ಕಿವಿ ಮಂದ ಅಂತ ಬಂದರೆ ಹಿಯರಿಂಗ್ ಏಡ್ ಹಾಕಲು ನಾಚಿಕೆ ಬೇಡ. "ಜನ ಏನಂತಾರೆ, ನಾಳೆ ಮದುವೆ ಹೇಗೆ" ಅಂತ ಎರಡು ವರ್ಷದ ಹೆಣ್ಣು ಮಗುವಿನ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಏಡ್ ಸಾಲದಷ್ಟು ಕಿವುಡಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಬಡ ಮನೆಯ ಚಿಕ್ಕ ಮಕ್ಕಳಿಗೆ ನೆರವು ಸಿಗುತ್ತದೆ, ಆದರೆ ವಯಸ್ಸಿನ ಮಿತಿ ಇದೆ. ತಡ ಮಾಡಿದರೆ ಅವಕಾಶವೇ ಕೈ ತಪ್ಪುತ್ತದೆ.

ಹಂತ 7: ಸರದಿ ಬರುವವರೆಗೆ ಮನೆಯಲ್ಲಿ

ಆಟಿಕೆ ಕೊಳ್ಳಬೇಡಿ. ಚಳಿಗಾಲದಲ್ಲಿ ಅವರೆಕಾಯಿ ಸುಲಿಯಲು ಕೂರುತ್ತೀರಲ್ಲ, ಮಗುವನ್ನು ಎದುರಿಗೆ ಕೂರಿಸಿಕೊಳ್ಳಿ. ಮುಖಕ್ಕೆ ಮುಖ, ಟಿವಿ ಬಂದ್. ಕಾಯಿ ಹಿಡಿದು "ಕಾಯಿ" ಅನ್ನಿ. ಬಿಡಿಸಿ "ಟಪ್!" ಅನ್ನಿ. ಕಾಳು ಬಟ್ಟಲಿಗೆ ಹಾಕಿ "ಒಳಗೆ" ಅನ್ನಿ. ಇನ್ನೊಂದು ಕಾಯಿ ತೆಗೆದುಕೊಂಡು ಸುಮ್ಮನೆ ಹಿಡಿದುಕೊಳ್ಳಿ. ಮಗುವಿನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತು ಎಣಿಸಿ. ಎಲ್ಲಕ್ಕಿಂತ ಕಷ್ಟ ಇದೇ, ನಮಗೆ ಬಾಯಿ ತುರಿಸುತ್ತಿರುತ್ತದೆ. ಮಗು "ತ" ಅಂದರೂ ಸಾಕು, "ಟಪ್! ಹೌದು, ಟಪ್!" ಅಂತ ಬಿಡಿಸಿ. "ಟಪ್ ಅನ್ನು, ಅನ್ನು, ಅಂದ್ರೆ ಕೊಡ್ತೀನಿ" ಅಂತ ಪೀಡಿಸಬೇಡಿ. ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳದಂತೆ, ಬಾಯಿಗೆ ಹಾಕಿ ಗಂಟಲಿಗೆ ಸಿಕ್ಕಿಸಿಕೊಳ್ಳದಂತೆ ಕಣ್ಣಿಟ್ಟಿರಿ, ಎದ್ದು ಹೋಗುವಾಗ ಬಟ್ಟಲು ಎತ್ತಿಡಿ.

ಮಗು ಒಂದು ಪದ ಆಡಿದರೆ ನೀವು ಎರಡಾಗಿಸಿ. "ಹಾಲು" ಅಂದರೆ "ಬಿಸಿ ಹಾಲು". "ಅಂಬಾ" ಅಂದರೆ "ಅಂಬಾ ಹುಲ್ಲು ತಿಂತು". ತಪ್ಪು ತಿದ್ದಲು ಹೋಗಬೇಡಿ, ಸರಿಯಾದ ರೂಪವನ್ನು ನೀವು ಹೇಳಿ ಸುಮ್ಮನಾಗಿ. ಸ್ನಾನ, ಬಟ್ಟೆ ಹಾಕುವುದು, ಹೂ ಬಿಡಿಸುವುದು, ಮಲಗುವ ಮುನ್ನ ಇವತ್ತು ಏನೇನು ನೋಡಿದೆ ಅಂತ ಹೇಳುವುದು, ಇಷ್ಟಕ್ಕೆ ಬೇರೆ ಹೊತ್ತು ಬೇಕಿಲ್ಲ. ಅಜ್ಜಿಗೂ ಇದನ್ನೇ ತೋರಿಸಿಕೊಡಿ. ಉಣ್ಣಿಸುವಾಗ ಮೊಬೈಲ್ ಬದಲು ತಟ್ಟೆಯಲ್ಲಿರುವುದರ ಬಗ್ಗೆಯೇ ಮಾತಾಡಲಿ. ಮೊದಲ ವಾರ ಮಗು ರಂಪ ಮಾಡುತ್ತದೆ, ತುತ್ತು ಕಡಿಮೆ ಹೋಗುತ್ತದೆ. ಆಮೇಲೆ ಸರಿಹೋಗುತ್ತದೆ.

ಮನೆಯಲ್ಲಿ ಇನ್ನೊಂದು ಮಗು ಬರಲಿದೆಯಾ? ಮೊದಲ ಮಗುವಿಗೆ ಕಿವಿಯ ತೊಂದರೆ ಇದ್ದರೆ ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಿಡಿ. ಹುಟ್ಟಿದ 1 ತಿಂಗಳೊಳಗೆ ಕಿವಿಯ ಮೊದಲ ಪರೀಕ್ಷೆ, ಅನುಮಾನ ಬಂದರೆ 3 ತಿಂಗಳೊಳಗೆ ಪೂರ್ತಿ ಪರೀಕ್ಷೆ, ತೊಂದರೆ ಖಚಿತವಾದರೆ 6 ತಿಂಗಳೊಳಗೆ ಏಡ್ ಮತ್ತು ತರಬೇತಿ ಶುರುವಾಗಬೇಕು. ಆಸ್ಪತ್ರೆಯಿಂದ ಹೊರಡುವ ದಿನ ಬಿಲ್ ಕೌಂಟರಿಗೆ ಹೋಗುವ ಮೊದಲು ಕೇಳಿ: "ಮಗುವಿಗೆ ಒಎಇ ಆಯ್ತಾ?" ಆಗಿದ್ದರೆ ಫಲಿತಾಂಶವನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಆಗಿಲ್ಲ ಅಂದರೆ ಎಲ್ಲಿ, ಯಾವತ್ತು ಮಾಡಿಸಬೇಕು ಅಂತ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.